ಕಂದ ಹಾಕಿದ ಆಕಳು, ನಮ್ಮ ಬರಿಗೈ

ಹೆಂಡಿ ಬಾಚೋದು, ಹಾಲು ಹಿಂಡೋದು, ಆಕಳು ಈದ ಮ್ಯಾಲ ಮಾಸು ಎತ್ತಿ ಹಾಕೋದು, ಇವೆಲ್ಲಾ ನಮ್ಮ ಹೆಣ್ಣುಮಕ್ಕಳ ಕೆಲಸ. ಆದ್ರ ದನದ ಡಾಕ್ಟರ್ ಮನಿಗೆ ಬಂದ್ರ ಮಾತುಕತಿ ಗಂಡಸರ ಜೋಡಿ. ನಾವು ಚಾ ಮಾಡಾಕ ಒಳಗ ಹೋಗಿರ್ತೀವಿ. ಇದು ಬದಲಾಗಬೇಕ್ರೀ ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರ ದನದಿಂದ ಮಂದಿಗೆ ಬರೋ ರೋಗ ಮೊದಲು ಹಿಡಿಯೋದು ನಮ್ಮ ಕೈ.

ಕಂದು ರೋಗದ ಮಾತನ್ನ ತಗೋರಿ. ಡಾಕ್ಟರು ಇದಕ್ಕ ಬ್ರುಸೆಲ್ಲೋಸಿಸ್ ಅಂತಾರ. ಗಬ್ಬದ ಆಕಳು, ಎಮ್ಮಿ ಐದು ತಿಂಗಳ ದಾಟಿದ ಮ್ಯಾಲ ಕಂದ ಹಾಕಿದ್ರ ನಾವು ‘ದೃಷ್ಟಿ ಆತು’ ಅಂತೀವಿ. ಬಿದ್ದ ಕಂದ, ಮಾಸು, ನೀರು, ಇವುಗಳಾಗ ರೋಗದ ಕ್ರಿಮಿ ತುಂಬಿರಬಹುದು. ಅದನ್ನ ಬರಿಗೈಲೆ ಬಾಚಿದ್ರ ಸಣ್ಣ ಗಾಯದಾಗಿಂದನೂ ಒಳಗ ಹೊಕ್ಕತೈತಿ. ಮುಂದಿನ ಸಲ ಅದ ಆಕಳು ಚಲೋತ್ನಾಗಿ ಈದ್ರೂ ಹಾಲಿನಾಗ ಕ್ರಿಮಿ ಇರಬಹುದು.

ಮಂದಿಗೆ ಬಂದ್ರ ಜ್ವರ ಬರತೈತಿ, ಹೋಗತೈತಿ. ರಾತ್ರಿ ಬೆವರು, ನಡ ನೋವು, ಕೀಲು ನೋವು, ಸುಸ್ತು. ಬಸುರಿ ಹೆಂಗಸಿಗೆ ಗರ್ಭ ಇಳಿಯೋ ಅಪಾಯನೂ ಐತಿ. ರೋಗ ತಗಲಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳಗಟ್ಟಲೆ ಆದ ಮ್ಯಾಲ ಇದು ಕಾಣಿಸ್ಕೋತೈತಿ. ಅಷ್ಟರಾಗ ಆಕಳ ಸುದ್ದಿ ಮರತ ಹೋಗಿರತೈತಿ. ‘ಮಲೇರಿಯಾನೋ, ಟೈಫಾಯ್ಡೋ’ ಅಂತ ಗುಳಿಗಿ ನುಂಗ್ಕೋತ ಕುಂದರ್ತೀವಿ.

ಮಾಲ್ಟಾ ಅನ್ನೋ ನಡುಗಡ್ಡಿಯಾಗ ಬ್ರಿಟಿಷ್ ಸೈನಿಕರಿಗೆ ಇದ ಜ್ವರ ಕಾಡತಿತ್ತು. 1887ರಾಗ ಡೇವಿಡ್ ಬ್ರೂಸ್ ಅನ್ನೋ ಡಾಕ್ಟರ್ ಕ್ರಿಮಿ ಹುಡುಕಿದ. ಆದ್ರ ಅದು ಎಲ್ಲಿಂದ ಬರತೈತಿ ಅನ್ನೋದು ಗೊತ್ತಾಗಿದ್ದು 1905ರಾಗ, ಜಮ್ಮಿಟ್ ಅನ್ನೋ ಅಲ್ಲಿಯವನ ಆದ ಡಾಕ್ಟರ್ ಆಡಿನ ರಕ್ತ ನೋಡಿದಾಗ. ಮರುವರ್ಷ ಸೈನಿಕರಿಗೆ ಆಡಿನ ಹಸಿ ಹಾಲು ಬಂದ್ ಮಾಡಿದ್ರು, ಜ್ವರ ಇಳೀತು. ಮನಷ್ಯಾರ ರೋಗದ ಗುಟ್ಟು ಕೊಟ್ಟಿಗ್ಯಾಗ ಸಿಕ್ಕಿತ್ತು ನೋಡ್ರಿ.

ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಕುಂತವರು ಮೂಗು-ಬಾಯಿಗೆ ಅರಬಿ ಕಟ್ಕೋತಾರ. ಘಾಟು ಬಡೀತೈತಿ, ಅದಕ್ಕ. ಈ ಕ್ರಿಮಿಗೆ ಘಾಟು ಇಲ್ಲ, ಅದಕ್ಕ ನಮಗ ಅಂಜಿಕಿನೂ ಇಲ್ಲ.

ಮಾಡೋದು ಭಾಳ ಇಲ್ಲ. ಕಂದ, ಮಾಸು ಮುಟ್ಟೋ ಮೊದಲು ಕೈಗವಸು ಹಾಕ್ಕೋರಿ, ಮುಖಕ್ಕ ಅರಬಿ ಕಟ್ಕೋರಿ. ಬಸುರಿ ಇದ್ದವರು ಹತ್ರ ಹೋಗಬ್ಯಾಡ್ರಿ. ತಿಪ್ಪಿಗೆ ಒಗಿಬ್ಯಾಡ್ರಿ, ನಾಯಿ ಎಳೆದಾಡ್ತಾವ. ಆಳವಾಗಿ ತೆಗ್ಗು ತಗದು ಸುಣ್ಣ ಹಾಕಿ ಹುಗೀರಿ. 1962ಕ್ಕ ಫೋನ್ ಮಾಡಿ ದನದ ಡಾಕ್ಟರನ್ನ ಕರೆಸಿ ಆಕಳ ರಕ್ತ ಪರೀಕ್ಷೆ ಮಾಡಸ್ರಿ. ಹಾಲು ಉಕ್ಕೋ ಹಂಗ ಕಾಸೇ ಕುಡೀರಿ. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಒಂದ ಸಲ ಲಸಿಕೆ ಹಾಕ್ತಾರ, 2019ರಿಂದ ಸರಕಾರದ್ದ ಯೋಜನೆ ಐತಿ. ಗಂಡಸರು ಮರತ್ರ ನೀವು ನೆನಪು ಮಾಡ್ರಿ.

ಕಂದ ಹಾಕಿದ ಆಕಳನ್ನ ಸುಮ್ಮನ ಹಾವೇರಿ ಸಂತಿಗೋ ರಾಣೆಬೆನ್ನೂರು ಸಂತಿಗೋ ಹೊಡೆಯೋದು ನನಗ ಸರಿ ಕಾಣಂಗಿಲ್ಲ. ಕೊಂಡೊಯ್ದ ಮನ್ಯಾಗೂ ಹಿಂಡೋದು ಒಬ್ಬ ಹೆಣ್ಮಗಳ.

ಜ್ವರ ಬಂದು ದವಾಖಾನಿಗೆ ಹೋದ್ರ ‘ನಮ್ಮ ಮನ್ಯಾಗ ಆಕಳು ಕಂದ ಹಾಕೇತ್ರಿ’ ಅಂತ ನೀವ ಮೊದಲು ಹೇಳ್ರಿ. ಒಂದು ರಕ್ತ ಪರೀಕ್ಷೆ, ಆರು ವಾರ ಬಿಡದ ಗುಳಿಗಿ ತಗೊಂಡ್ರ ಬಹುತೇಕ ವಾಸಿ ಆಗೋ ರೋಗ ಇದು. ಹೇಳಾಕ ನಾಚಿಕಿ ಬ್ಯಾಡ.