ಕಾಲಾಳಿನ ಹೆಸರೇನು?

ಉಗಾರ ಖುರ್ದದ ಪರಿಚಿತರೊಬ್ಬರ ಮನೆಯ ಗೋಡೆಯ ಮೇಲೆ ಸೈನಿಕನೊಬ್ಬನ ಮಾಸಿದ ಭಾವಚಿತ್ರ ಕಂಡೆ; ಹೆಸರು ಮನೆಯವರಿಗೇ ಮರೆತಿತ್ತು. ಆಗ ನೆನಪಾದವರು ಜಾನ್ ಮ್ಯಾಕ್‌ಕಾಶ್.

ಯುದ್ಧ ಛಾಯಾಗ್ರಹಣವೆಂದರೆ 1855ರಲ್ಲಿ ಕ್ರಿಮಿಯಾಕ್ಕೆ ಹೋದ ರೋಜರ್ ಫೆಂಟನ್‌ರನ್ನು ಸ್ಮರಿಸುವುದು ವಾಡಿಕೆ. ಅದಕ್ಕೂ ಮೊದಲೇ, 1848-49ರ ಎರಡನೇ ಸಿಖ್ ಯುದ್ಧಕಾಲದ ಪಂಜಾಬಿನಲ್ಲಿ, ಬಳಿಕ ಬರ್ಮಾದಲ್ಲಿ ಕ್ಯಾಮೆರಾ ಹಿಡಿದಿದ್ದವರು ಕಂಪನಿ ಸರ್ಕಾರದ ಬಂಗಾಳ ಸೇನೆಯ ಈ ವೈದ್ಯರು. ಅಂದಿನ ಕಾಗದದ ನೆಗೆಟಿವ್‌ಗೆ ದೀರ್ಘಕಾಲ ಬೆಳಕು ಬೇಕಿತ್ತು; ಕಾಳಗ ಸೆರೆಯಾಗುವಂತಿರಲಿಲ್ಲ. ಹಾಗಾಗಿ ಉಳಿದದ್ದು ಅಲುಗದೆ ಕುಳಿತವರ ಮುಖಗಳು: ಸೇನಾಧಿಪತಿ ಗಫ್, ಮುಲ್ತಾನಿನ ಮೂಲರಾಜ್, 1849ರಲ್ಲಿ ರಾಜ್ಯ ಕಳೆದುಕೊಂಡ ಬಾಲಕ ದುಲೀಪ್ ಸಿಂಗ್.

ಇವನ್ನು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯ ಕಾಪಾಡಿದೆ. ಕಾಲಾಳುಗಳ ಚಿತ್ರಗಳಿಗೆ ನಮ್ಮ ಮನೆಯ ಗೋಡೆಗಳೇ ಸಂಗ್ರಹಾಲಯ. ಅವುಗಳ ಹಿಂಬದಿಯಲ್ಲಿ ಹೆಸರು, ವರ್ಷ ಬರೆದಿಡುವ ಹೊಣೆ ನಮ್ಮದಲ್ಲವೇ?