ಮರಿ ಅಲ್ಲ ಕಣ್ರೀ, ಅಪ್ಪ ಅದು!

ಮೊನ್ನೆ ರಾತ್ರಿ ನಮ್ಮ ಪಂಪ್‌ಸೆಟ್ ಲೈಟಿಗೆ ಬೆರಳುದ್ದದ ಹುಳ ಒಂದು ಹಾರಿ ಬಂದು ದಬ್ ಅಂತ ಬಿತ್ತು. ಜೊತೆಗಿದ್ದವರು "ನೀರುಚೇಳು, ಕಡಿದ್ರೆ ಮುಗೀತು" ಅಂತ ಚಪ್ಪಲೀಲಿ ಹೊಸಕಿದ್ರು. ಬೆಳಿಗ್ಗೆ ಹಳ್ಳದ ಮಡುವಿನಾಗ ಅದೇ ಥರದ್ದು, ಹುಣಸೆ ಬೀಜದಷ್ಟು ಗಾತ್ರದ್ದು ಕಾಣಿಸ್ತು. "ಅದರ ಮರಿ" ಅಂತ ಅದನ್ನೂ ಕೊಂದ್ರು.

ಚೇಳೂ ಅಲ್ಲ, ಮರೀನೂ ಅಲ್ಲ. ಎರಡೂ ನೀರುತಿಗಣೆ, ಒಂದೇ ಕುಟುಂಬದ ಎರಡು ಜಾತಿ. ದೊಡ್ಡದು ಲೆಥೊಸೀರಸ್ ಇಂಡಿಕಸ್, 6ರಿಂದ 8 ಸೆಂ.ಮೀ. ಬೆಳೀತದೆ. ಸಣ್ಣದು ಡಿಪ್ಲೊನೈಕಸ್ ರಸ್ಟಿಕಸ್, ಬೆಳೆದು ಮುಗಿದ್ರೂ 2 ಸೆಂ.ಮೀ. ದಾಟಲ್ಲ. ದೊಡ್ಡದರ ಹೆಣ್ಣು ನೀರಿನ ಮೇಲೆ ನಿಂತ ಜೊಂಡಿನ ಕಡ್ಡಿಗೆ ಮೊಟ್ಟೆ ಇಡ್ತದೆ, ಗಂಡು ಕಾಯ್ತದೆ. ಸಣ್ಣದರ ಹೆಣ್ಣು ಮೊಟ್ಟೆಗಳನ್ನ ಗಂಡಿನ ಬೆನ್ನಿಗೇ ಅಂಟಿಸಿಬಿಡ್ತದೆ. ಅವತ್ತು ಹೊಸಕಿದ್ದರ ಬೆನ್ನ ತುಂಬ ಮೊಟ್ಟೆ ಇದ್ವು. ಮೊಟ್ಟೆ ಹೊತ್ತ ಮರಿ ಎಲ್ಲಾದ್ರೂ ಐತೇನ್ರಿ? ಕೈಯಾಗ ಹಿಡಿದ್ರೆ ಎರಡೂ ಚುಚ್ತಾವ, ಉರಿ ಬಲು ಜೋರು. ಸಾಯೋದು ಮಾತ್ರ ಸುಳ್ಳು. ಮಣಿಪುರದಾಗ ದೊಡ್ಡದನ್ನ ಹಿಡಿದು ತಿಂತಾರೆ!

ದೊಡ್ಡದರ ಪರ ನಾನು ವಕಾಲತ್ತು ಹಾಕಲ್ಲ. ಮೀನುಮರಿ, ಕಪ್ಪೆ ಹಿಡೀತದೆ. ಕೃಷಿಹೊಂಡದಾಗ ಮೀನು ಬಿಟ್ಟೋರಿಗೆ ಲುಕ್ಸಾನೇ, ಬಲೆ ಹಾಕಿ ತೆಗೀರಿ. ಅದರ ಸಿಟ್ಟು ಸಣ್ಣದರ ಮೇಲೆ ಯಾಕೆ? ಸಣ್ಣದು ತಿನ್ನೋದು ಸೊಳ್ಳೆಮರಿ ಮತ್ತು ನೀರಿನ ಬಸವನಹುಳ. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಕುರಿ ಕಾಯೋರು ಇಲ್ಲಿ ಕಿವಿಗೊಡ್ರಿ. ಕುರಿಯ ದವಡೆ ಕೆಳಗೆ ನೀರು ತುಂಬಿ ಬಾಯೋದು, ಸೊರಗೋದು ನೋಡೀರಲ್ಲ? ಅದನ್ನ ತರೋ ಲಿವರ್ ಹುಳದ ಮರಿ ಬೆಳೆಯೋದು ಬಸವನಹುಳದ ಒಳಗೆ. ಅಲ್ಲಿಂದ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕುರಿ ಹೊಟ್ಟೆ ಸೇರ್ತದೆ. ದನದ ಮೂಗಿನ ಗೊರಕೆ ರೋಗಕ್ಕೂ ಇನ್ನೊಂದು ಜಾತಿ ಬಸವನಹುಳವೇ ದಾರಿ.

ಚಪ್ಪಲಿ ಎಷ್ಟು ಕೊಂದೀತು ಬಿಡ್ರಿ. ನಿಜವಾದ ಕೊಲೆ ನಮ್ಮ ಕ್ಯಾನಿನದು. 2018ರಾಗ ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಂದ ಮೇಲೆ ಕೂಡ್ಲಿಗಿಯಿಂದ ಹರಪನಹಳ್ಳಿ ತನಕ ಹೆಗಲಿಗೆ ಸ್ಪ್ರೇ ಕ್ಯಾನ್ ಏರಿದ್ದು ಇಳಿದಿಲ್ಲ. ಹಡಗಲಿ ಮಲ್ಲಿಗೆಯೋರಿಗಂತೂ ಮೊದಲಿನಿಂದ ಇದ್ದದ್ದೇ. ಹೊಡೆದಾದ ಮೇಲೆ ಕ್ಯಾನ್ ತೊಳೆಯೋದು ಎಲ್ಲಿ? ಹಳ್ಳದಾಗ! ಲ್ಯಾಂಬ್ಡಾ ಸೈಹಲೋಥ್ರಿನ್ ಥರದ ಎಣ್ಣೆ ನೀರಿನ ಕೀಟ ಸಾಯಿಸೋಕೆ ಒಂದಿಷ್ಟೇ ಸಾಕು. ಬಸವನಹುಳಕ್ಕೆ ಅಷ್ಟು ತಾಗಲ್ಲ. ತಿನ್ನೋನು ಸತ್ತ, ರೋಗ ಹೊತ್ತೋನು ಉಳಿದ. ಆಮೇಲೆ ಕುರಿಗೆ ಜಂತಿನ ಔಷಧಿ ಅಂತ ನಾವೇ ದುಡ್ಡು ಸುರೀತೀವಿ.

"ಎಲ್ಲರೂ ತೊಳೀತಾರ, ನಾನೊಬ್ಬ ಬಿಟ್ರೆ ಏನಾತು" ಅನ್ನೋರು ಇದ್ದೇ ಇರ್ತೀರಿ. ಹೋದ ವರ್ಷದ ತನಕ ನಾನೂ ಅದನ್ನೇ ಅಂತಿದ್ದೆ. ಈಗ ಎರಡು ಕೊಡ ನೀರು ಹೊಲಕ್ಕೇ ಒಯ್ತೀನಿ. ಮೂರು ಸಲ ಕ್ಯಾನ್ ಕುಲುಕಿ, ಆ ನೀರನ್ನ ಅದೇ ಬೆಳೆ ಮೇಲೆ ಹೊಡೀತೀನಿ. ಹತ್ತು ನಿಮಿಷದ ಕೆಲಸ, ಎಣ್ಣೆಯೂ ದಂಡ ಆಗಲ್ಲ.