ನಕ್ಷತ್ರಕ್ಕೂ ಗೂಡುದೀಪಕ್ಕೂ ಒಂದೇ ಬಿದಿರು

ಡಿಸೆಂಬರ್ ಬಂತೆಂದರೆ ಕೊಚ್ಚಿಯ ಕಾಕ್ಕನಾಡಿನಲ್ಲೂ ತಿರುವನಂತಪುರದ ಕಳಕ್ಕೂಟ್ಟಂನಲ್ಲೂ ಮನೆಮನೆಯೆದುರು ನಕ್ಷತ್ರ ತೂಗುತ್ತದೆ. ಅಂಗಡಿಯಿಂದ ಎಲ್‌ಇಡಿ ನಕ್ಷತ್ರ ತರುವುದು ಸುಲಭ. ಈ ಸಲ ಮಗಳ ಜತೆ ಕೂತು ಕಟ್ಟಿದೆ. 5 ಬಿದಿರುಕಡ್ಡಿಗೆ ಒಂದರಂತೆ ಎರಡು ನಕ್ಷತ್ರ. ತುದಿಗೆ ತುದಿ ಕಟ್ಟಿ, ಒಳಮೂಲೆಗಳಲ್ಲಿ 5 ಗಿಡ್ಡ ಕಡ್ಡಿ ಆನಿಸಿದರೆ ಹೊಟ್ಟೆ ಉಬ್ಬುತ್ತದೆ. ಮೇಲೆ ಬಣ್ಣದ ಕಾಗದ, ಮೈದಾ ಅಂಟು. ಒಳಗೆ ಪುಟ್ಟ ಎಲ್‌ಇಡಿ ಬಲ್ಬು. ನಮ್ಮ ಕರಾವಳಿಯ ಗೂಡುದೀಪದ ಲೆಕ್ಕವೇ ಇದು.

ಶಾಲೆಯಲ್ಲಿ ಅವಳಿಗೆ ಮಲಯಾಳ, ಇಂಗ್ಲಿಷ್. ಆಫೀಸಿನಿಂದ ಬಂದ ನನ್ನ ಕನ್ನಡ ‘ಊಟ ಆಯ್ತಾ, ಮಲಗು’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಆ ಸಂಜೆ ಮಡಚು, ಸವರು, ಬಿಗಿ, ಸಡಿಲ, ಕಗ್ಗಂಟು ಎಲ್ಲವೂ ಅವಳ ಬಾಯಿಗೆ ಬಂದವು. ‘ಅಪ್ಪ, ಇದು ಸಡಿಲ ಆಯ್ತು’ ಎಂದು ನನ್ನನ್ನೇ ತಿದ್ದಿದಳು.

ಹೊರನಾಡಿನ ಅಪ್ಪ-ಅಮ್ಮಂದಿರೇ, ಆನ್‌ಲೈನ್ ಕನ್ನಡ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಮಕ್ಕಳ ಕೈಗೆ ಕಡ್ಡಿ, ಅಂಟು ಕೊಟ್ಟು ಪಕ್ಕದಲ್ಲಿ ಕೂತುನೋಡಿ. ರಜೆಯ ಒಂದು ಸಂಜೆ ಸಾಕು.